ಅರ್ಧ ಕಿಲೋಗೆ ಅರವತ್ತು ಭೂತಾಯಿ: ಮೀನುಗಾರಿಕೆ ಬಾಳಿಕೆ ಬರುವುದು ಯಾವುದರಿಂದ?

ಬಾತಿಕೆರೆ (ದಾವಣಗೆರೆ)

ಕಳೆದ ಭಾನುವಾರ ನಮ್ಮೂರ ಮೀನು ಮಾರುಕಟ್ಟೆಯಲ್ಲಿ ಅರ್ಧ ಕಿಲೋ ಭೂತಾಯಿ ಕೊಂಡು ತಂದೆ. ಹಸನು ಮಾಡಲು ಕುಳಿತಾಗ ಮೀನುಗಳು ಎಂದಿಗಿಂತ ಸಣ್ಣವಾಗಿ ಕಂಡವು. ಎಣಿಸಿದರೆ ಅರವತ್ತಿದ್ದವು. ಮಗಳ ಜಾಮಿಟ್ರಿ ಪೆಟ್ಟಿಗೆಯ ಅಳತೆಪಟ್ಟಿಯನ್ನು ಹಿಡಿದು ನೋಡಿದಾಗ ಹತ್ತು ಸೆಂಟಿಮೀಟರ್ ದಾಟಿದವು ಎಂಟೋ ಒಂಬತ್ತೋ ಮಾತ್ರ. ಮಾರುತ್ತಿದ್ದ ಹೆಂಗಸನ್ನು ಈ ಬಗ್ಗೆ ಕೇಳಿದ್ದಕ್ಕೆ, ರಾತ್ರಿ ಘಟ್ಟ ಹತ್ತಿ ಬಂದ ಐಸ್ ಪೆಟ್ಟಿಗೆಯಲ್ಲಿ ಏನಿರುತ್ತದೋ ಅದನ್ನೇ ತಾನು ಮಾರುವುದಾಗಿಯೂ, ಆರಿಸಿ ತರಲು ಅದು ತನ್ನ ಕೈಯಲ್ಲಿಲ್ಲವೆಂದೂ ಹೇಳಿದರು. ಅವರ ಮಾತು ನ್ಯಾಯವಾಗಿಯೇ ಇತ್ತು.

ಅಂದಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಉಳಿದಿದೆ. ‘ಸುಸ್ಥಿರ ಮೀನುಗಾರಿಕೆ’ ಎಂಬ ಮಾತನ್ನು ಸರ್ಕಾರದ ಪ್ರಕಟಣೆಗಳಿಂದ ಹಿಡಿದು ಪತ್ರಿಕೆಗಳ ಪುರವಣಿಗಳವರೆಗೆ ಎಲ್ಲ ಕಡೆಯೂ ಓದುತ್ತೇವೆ. ಆದರೆ ಹೊಟ್ಟೆಪಾಡಿಗಾಗಿ, ವ್ಯಾಪಾರಕ್ಕಾಗಿ ಮೀನು ಹಿಡಿಯುವ ಕಸುಬು ಹತ್ತಿಪ್ಪತ್ತು ವರ್ಷ ಕಳೆದ ಮೇಲೂ ಹಾಗೆಯೇ ನಡೆಯಬೇಕಾದರೆ ಯಾವುದು ಸರಿಯಿರಬೇಕು? ಬಲೆಯೋ, ಕಾಯಿದೆಯೋ, ನೀರೋ, ಕೊಳ್ಳುವ ನಾವೋ? ಕಡಲಿನದೂ ನಮ್ಮ ಕೆರೆಗಳದೂ ಒಂದೇ ಲೆಕ್ಕವೋ ಬೇರೆಯೋ? ಬಲ್ಲವರು ವಿವರವಾಗಿ ಬರೆಯಬೇಕಾಗಿ ವಿನಂತಿ.

ಮಲ್ಪೆ ಮೂಲದವಳು (ದಾವಣಗೆರೆ)

ನಾನು ಹುಟ್ಟಿ ಬೆಳೆದದ್ದು ಮಲ್ಪೆ ಬಂದರಿನ ದಕ್ಕೆಯ ಪಕ್ಕದಲ್ಲಿ. ಹದಿನೇಳು ವರ್ಷದಿಂದ ಇಲ್ಲಿದ್ದೇನೆ. ನೀವು ಅಳೆದದ್ದು ಸರಿಯಾದ ಅಳತೆಯನ್ನೇ. ಕೇರಳದಲ್ಲಿ ಭೂತಾಯಿಗೆ ಕನಿಷ್ಠ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್ ಎಂಬ ಮಿತಿ ಇದೆ, ಅದಕ್ಕಿಂತ ಚಿಕ್ಕದನ್ನು ಹಿಡಿದು ತರುವುದು ಅಲ್ಲಿ ಅಪರಾಧ. ಈ ಮಿತಿಯ ಹಿಂದಿರುವುದು ಒಂದು ಸರಳವಾದ ವಿಚಾರ: ಒಂದು ಮೀನು ಬಲೆಗೆ ಬೀಳುವ ಮೊದಲು ಒಮ್ಮೆಯಾದರೂ ಮೊಟ್ಟೆಯಿಡಲು ಅದಕ್ಕೆ ಅವಕಾಶ ಸಿಗಬೇಕು.

ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಮಳೆಗಾಲದ ಆ ತಿಂಗಳುಗಳಲ್ಲಿ ಭೂತಾಯಿ, ಬಂಗುಡೆ ಮುಂತಾದ ಅನೇಕ ಮೀನುಗಳು ಮೊಟ್ಟೆಯಿಡುತ್ತವೆ. ರಜೆ ಒಳ್ಳೆಯದೇ, ಆದರೆ ಅದೊಂದೇ ಸಾಲದು ಎಂಬುದನ್ನು ದಕ್ಕೆಯಲ್ಲಿ ಬೆಳೆದವರೆಲ್ಲ ಬಲ್ಲರು. ರಜೆಯಲ್ಲಿ ಹುಟ್ಟಿದ ಮರಿ ಬೆಳೆಯುವ ಮೊದಲೇ ಆಗಸ್ಟ್‌ನಲ್ಲಿ ದೋಣಿಗಳು ಇಳಿಯುತ್ತವೆ, ಆಗ ಬಲೆಯ ಕಣ್ಣು ಸಣ್ಣದಿದ್ದರೆ ಎರಡು ತಿಂಗಳು ಕಾದದ್ದು ಒಂದೇ ವಾರದಲ್ಲಿ ಖಾಲಿಯಾಗುತ್ತದೆ.

ಬಲೆಯ ಕಣ್ಣಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದೋಣಿಯ ಹಿಂದೆ ಎಳೆದೊಯ್ಯುವ ಟ್ರಾಲ್ ಬಲೆಯ ತುದಿಯ ಚೀಲದಲ್ಲಿ ಮೀನು ಸೇರುತ್ತದೆ. ಸಾಮಾನ್ಯ ಬಲೆಯ ಕಣ್ಣು ವಜ್ರಾಕಾರದ್ದು. ದೋಣಿ ಎಳೆಯತೊಡಗಿದೊಡನೆ ಭಾರಕ್ಕೆ ಆ ಕಣ್ಣು ಉದ್ದುದ್ದ ಎಳೆದುಕೊಂಡು ಮುಚ್ಚಿಬಿಡುತ್ತದೆ, ಕಾಗದದ ಮೇಲೆ ಅದು ಎಷ್ಟು ಮಿಲಿಮೀಟರ್ ಇದ್ದರೂ ಮರಿಗೆ ದಾರಿಯಿಲ್ಲ. ಅದೇ ಚೌಕಾಕಾರದ ಕಣ್ಣು ಎಳೆದಾಗಲೂ ತೆರೆದೇ ಇರುತ್ತದೆ. 35 ಮಿಲಿಮೀಟರಿನ ಚೌಕ ಕಣ್ಣು ಬೇಕೆಂದು ತಜ್ಞರು ಹೇಳುವುದು ಇದಕ್ಕಾಗಿ. ಒಳಚೀಲಕ್ಕೆ ಇನ್ನೊಂದು ಸಣ್ಣ ಬಲೆಯನ್ನು ಹೊಲಿದು ನಿಯಮವನ್ನು ಸುಳ್ಳು ಮಾಡುವುದು ಕೂಡ ಅಷ್ಟೇ ಸುಲಭ ಎಂಬುದನ್ನೂ ಹೇಳಬೇಕು.

ಹಾಗೆ ಮಾಡುವವರು ದುಷ್ಟರೆಂದಲ್ಲ. ಚಿಕ್ಕ ಮೀನಿಗೂ ಕೊಳ್ಳುವವನಿದ್ದಾನೆ. ಮೀನಿನ ಹಿಟ್ಟು, ಎಣ್ಣೆ ತೆಗೆಯುವ ಕಾರ್ಖಾನೆಗಳು ಕರಾವಳಿಯುದ್ದಕ್ಕೂ ಇವೆ. ದಾವಣಗೆರೆಯವರಿಗೆ ಇದು ದೂರದ ಸಂಗತಿಯೇನಲ್ಲ: ನಿಮ್ಮ ಹೊಲದ ಮೆಕ್ಕೆಜೋಳ ಹೋಗಿ ಸೇರುವ ಕೋಳಿ ಆಹಾರಕ್ಕೇ ನಮ್ಮ ಕಡಲಿನ ಮರಿಮೀನು ಹಿಟ್ಟಾಗಿ ಬಂದು ಬೀಳುತ್ತದೆ. ಹಿಡಿದದ್ದೆಲ್ಲ ಮಾರಾಟವಾಗುವ ಕಡೆ ಬಿಟ್ಟುಬಿಡುವುದಕ್ಕೆ ಯಾರಿಗೂ ಕಾರಣವಿರುವುದಿಲ್ಲ.

ನನ್ನ ಅಜ್ಜನ ಕಾಲದಲ್ಲಿ ರಂಪಣಿ ಬಲೆ ಇತ್ತು. ಹತ್ತಾರು ಜನ ದಡದಲ್ಲಿ ನಿಂತು ಎಳೆದು, ಬಂದದ್ದನ್ನು ಪಾಲು ಹಾಕಿಕೊಳ್ಳುತ್ತಿದ್ದರು. ಮೀನು ದಡಕ್ಕೆ ಬಂದರೆ ಉಂಟು, ಬಾರದಿದ್ದರೆ ಇಲ್ಲ. 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿ ಬಂದು, ಮೀನಿದ್ದಲ್ಲಿಗೇ ಹೋಗಿ ಸುತ್ತುಗಟ್ಟಿ ಎತ್ತತೊಡಗಿದ ಮೇಲೆ ರಂಪಣಿ ಕಣ್ಮರೆಯಾಯಿತು. ಈಗ ಎಲ್‌ಇಡಿ ದೀಪ ಹಾಕಿ ಮೀನನ್ನು ಕರೆದು ಹಿಡಿಯುವವರೆಗೆ ಬಂದಿದ್ದೇವೆ. 2017ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿದೆ, ದೀಪಗಳು ಪೂರ್ತಿ ಆರಿಲ್ಲ.

ಹರಿದ್ರಾವತಿ (ಚನ್ನಗಿರಿ ತಾಲ್ಲೂಕು)

ಕಡಲಿನ ಮಾತು ಬಂತು, ನಾನು ಕೆರೆಯ ಮಾತು ಹೇಳುತ್ತೇನೆ. ನಾವು ಗಂಗಾಮತಸ್ಥರು. ನಮ್ಮ ಸಹಕಾರ ಸಂಘ ಸೂಳೆಕೆರೆಯಿಂದ ಸ್ವಲ್ಪ ದೂರದ ಒಂದು ಮಧ್ಯಮ ಗಾತ್ರದ ಕೆರೆಯನ್ನು ಗುತ್ತಿಗೆ ಹಿಡಿದಿದೆ. ಊರಿನ ಹೆಸರು ಬೇಡ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ತೆಗೆಯಬೇಕು. ಕಾಟ್ಲ, ರೋಹು, ಮೃಗಾಲ ಎಂಬ ಮೂರು ಗೆಂಡೆಗಳ ಮೇಲೆ ನಮ್ಮ ಕೆರೆಗಳ ವ್ಯಾಪಾರವೆಲ್ಲ ನಿಂತಿದೆ, ಆದರೆ ಇವು ಕೆರೆಯಲ್ಲಿ ಮರಿ ಮಾಡುವುದಿಲ್ಲ. ಇವುಗಳಿಗೆ ಮಳೆಗಾಲದ ಹೊಸನೀರಿನಿಂದ ಉಕ್ಕಿ ಹರಿಯುವ ನದಿ ಬೇಕು. ನಿಂತ ನೀರಿನಲ್ಲಿ ಹೊಟ್ಟೆ ತುಂಬ ಮೊಟ್ಟೆಯಿದ್ದರೂ ಅವು ಇಡುವುದಿಲ್ಲ. 1957ರ ಜುಲೈ 10ರಂದು ಹೀರಾಲಾಲ್ ಚೌಧರಿ ಎಂಬ ವಿಜ್ಞಾನಿ ಒಡಿಶಾದಲ್ಲಿ ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಇವುಗಳಿಂದ ಮೊಟ್ಟೆಯಿಡಿಸಿದರು. ಆ ದಿನವನ್ನು ಇಂದಿಗೂ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಅಲ್ಲಿಂದ ಮುಂದೆ ಬಿತ್ತನೆ ಮರಿ ಕೊಳ್ಳುವ ಕಾಲ ಬಂತು. ನಮಗೆ ಹತ್ತಿರವಾದದ್ದು ಭದ್ರಾ ಅಣೆಕಟ್ಟಿನ ಬಳಿಯ ಬಿ.ಆರ್. ಪ್ರಾಜೆಕ್ಟಿನ ಮರಿ ಕೇಂದ್ರ. ಆದ್ದರಿಂದ ಕೆರೆಯಲ್ಲಿ ‘ತಾಯಿ ಮೀನು ಉಳಿಸಿ’ ಎಂದು ಗೆಂಡೆಯ ವಿಷಯದಲ್ಲಿ ಹೇಳುವುದು ವ್ಯರ್ಥ. ನಾವು ಬಿತ್ತಿದ್ದೇ ನಮ್ಮ ಬೆಳೆ.

ಹಾಗಾದರೆ ನಮಗೆ ಯಾವ ಚಿಂತೆಯೂ ಇಲ್ಲವಲ್ಲ ಎನ್ನಬಹುದು. ಮರಿ ಬರುವ ದಿನ ಬಂದು ನೋಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಮೂರನೆಯ ಒಂದು ಪಾಲು ನೀರು, ಉಳಿದದ್ದು ಆಮ್ಲಜನಕ. ಚೀಲವನ್ನು ತಂದೊಡನೆ ಬಿಚ್ಚಿ ಸುರಿದರೆ ನೀರಿನ ಬಿಸಿಯ ವ್ಯತ್ಯಾಸಕ್ಕೇ ಮರಿ ಸಾಯುತ್ತದೆ. ಕಾಲು ಗಂಟೆಗೂ ಹೆಚ್ಚು ಹೊತ್ತು ಚೀಲವನ್ನು ಕೆರೆಯಲ್ಲಿ ತೇಲಬಿಟ್ಟು, ಕೆರೆಯ ನೀರನ್ನು ಬೊಗಸೆ ಬೊಗಸೆ ಸೇರಿಸಿ, ಆಮೇಲೆ ಬಾಯಿ ಬಗ್ಗಿಸಿದರೆ ಮರಿ ತಾನಾಗಿ ಈಜಿ ಹೊರಬರುತ್ತದೆ. ಎಣಿಕೆಯದು ಇನ್ನೊಂದು ಕಥೆ. ಜರಡಿ ತಳದ ಒಂದು ಬಟ್ಟಲಿನಷ್ಟು ಮರಿಯನ್ನು ಎಣಿಸಿ, ಉಳಿದದ್ದನ್ನು ಬಟ್ಟಲಿನ ಲೆಕ್ಕದಲ್ಲಿ ಗುಣಿಸುತ್ತಾರೆ. ನೀರು ಪೂರ್ತಿ ಸೋರುವ ಮೊದಲೇ ಬಟ್ಟಲನ್ನು ಮಗುಚಿದರೆ ನೀರೂ ಮರಿಯ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಒಂದು ವರ್ಷ ಮಧ್ಯವರ್ತಿಯೊಬ್ಬ ನಮಗೆ ಹೀಗೆ ಬಟ್ಟಲು ತೋರಿಸಿದ. ಮೇಲಾಗಿ ಬೆರಳುದ್ದದ ಮರಿಯೆಂದು ಹಣ ಪಡೆದು ಕೊಟ್ಟದ್ದು ಉಗುರುದ್ದದ್ದು. ಆ ಮರಿಯನ್ನು ಗಿರ್ಲು, ಕೊರವ ಎಂಬ ಮೀನುಗಳು ತಿಂದು ಕೊಬ್ಬಿದವು, ನಮಗೆ ಆ ವರ್ಷ ಬಲೆ ಹೊಲಿಸಿದ ದುಡ್ಡೂ ಹುಟ್ಟಲಿಲ್ಲ.

ಎರಡನೆಯದು ಗುತ್ತಿಗೆಯ ಅವಧಿ. ನಮ್ಮ ಗುತ್ತಿಗೆ ಐದು ವರ್ಷದ್ದು. ಮೊದಲ ನಾಲ್ಕು ವರ್ಷ ಎಲ್ಲರೂ ಸಜ್ಜನರು. ಐದನೆಯ ಬೇಸಿಗೆಯಲ್ಲಿ, ಮುಂದಿನ ಸಲ ಕೆರೆ ಯಾರ ಪಾಲಾಗುತ್ತದೋ ಗೊತ್ತಿಲ್ಲವಾದ್ದರಿಂದ, ಇದ್ದದ್ದನ್ನೆಲ್ಲ ಬಾಚಿಕೊಳ್ಳುವ ಮನಸ್ಸಾಗುತ್ತದೆ. ನಮಗಿಂತ ಮುಂಚೆ ಈ ಕೆರೆಯನ್ನು ಹಿಡಿದಿದ್ದ ಗುತ್ತಿಗೆದಾರ ಕೊನೆಯ ತಿಂಗಳಲ್ಲಿ ಸೊಳ್ಳೆಪರದೆಯಂಥ ಬಲೆಯನ್ನು ಎಳೆಸಿದ. ನಾವು ಇಳಿದಾಗ ಕೆರೆಯಲ್ಲಿ ಜಿಲೇಬಿ ಮೀನು ಬಿಟ್ಟರೆ ಬೇರೆ ಉಸಿರಿರಲಿಲ್ಲ. ನಾವೂ ಹಾಗೆ ಮಾಡುವುದಿಲ್ಲವೆಂದು ಎದೆ ತಟ್ಟಿಕೊಂಡು ಹೇಳುವ ಧೈರ್ಯ ನನಗಿಲ್ಲ. ಹೊಸ ಗುತ್ತಿಗೆದಾರ, ಬಿಟ್ಟುಹೋದ ಮೀನಿಗೆ ಬೆಲೆ ಕಟ್ಟಿ ಹಳಬನಿಗೆ ಕೊಡಬೇಕೆಂಬ ಏರ್ಪಾಡು ಇದ್ದರೆ ಕೊನೆಯ ವರ್ಷದ ಈ ಸುಲಿಗೆ ತಾನಾಗಿ ನಿಲ್ಲುತ್ತದೆಂಬುದು ನನ್ನ ಅನಿಸಿಕೆ.

ಮೂರನೆಯದು ನೀರು. ತೂಬಿನ ಮಟ್ಟದಿಂದ ಕೆಳಗೆ ಉಳಿಯುವ ನೀರು ಬೇಸಿಗೆಯಲ್ಲಿ ಮೀನಿನ ಪ್ರಾಣ. ತೂಬು ಅದನ್ನು ಹರಿಸಲಾರದು, ಪಂಪ್‌ಸೆಟ್ ಹೀರಬಲ್ಲದು. ಏಪ್ರಿಲ್‌ನಲ್ಲಿ ಮೊಣಕಾಲುದ್ದಕ್ಕೆ ಇಳಿದ ನೀರಿನ ಮುಂದೆ ಬೆಳಗಿನ ಜಾವ ನಾಲ್ಕಕ್ಕೆ ಹೋಗಿ ಕುಳಿತರೆ, ಮೀನುಗಳೆಲ್ಲ ಬಾಯಿ ಮೇಲೆ ಮಾಡಿ ಪಚ್ ಪಚ್ ಎಂದು ಗಾಳಿ ಕುಡಿಯುವ ಸದ್ದು ಕೇಳುತ್ತದೆ. ರಾತ್ರಿಯೆಲ್ಲ ಪಾಚಿಯೂ ಮೀನೂ ಸೇರಿ ಆಮ್ಲಜನಕವನ್ನು ಖರ್ಚು ಮಾಡಿರುತ್ತವೆ, ಸೂರ್ಯ ಬಂದು ಪಾಚಿ ಮತ್ತೆ ಕೆಲಸಕ್ಕೆ ಇಳಿಯುವವರೆಗೆ ಅದು ಹುಟ್ಟುವುದಿಲ್ಲ. ಮೋಡ ಕವಿದ ಮಾರನೆಯ ದಿನ ಇಡೀ ಕೆರೆ ಬೆಳ್ಳಗೆ ತೇಲಿದ್ದನ್ನು ಎರಡು ಸಲ ಕಂಡಿದ್ದೇನೆ.

ತೋಟದ ಮನೆ (ಹೊಳಲ್ಕೆರೆ)

ಮೇಲಿನವರ ಬರಹದಲ್ಲಿ ಪಂಪ್‌ಸೆಟ್ ಎಂಬ ಮಾತು ನನ್ನಂಥವರ ಕಡೆಗೆ ತಿರುಗಿದೆ, ಆದ್ದರಿಂದ ಉತ್ತರಿಸಬೇಕಾಗಿದೆ. ಕೆರೆ ಕಟ್ಟಿಸಿದ್ದು ಅಚ್ಚುಕಟ್ಟಿಗೆ, ಮೀನಿಗಲ್ಲ. ಅಡಿಕೆ ಸಸಿ ಫಲಕ್ಕೆ ಬರಲು ಆರೇಳು ವರ್ಷ ಬೇಕು. ಒಂದು ಬೇಸಿಗೆಯಲ್ಲಿ ಅದು ಒಣಗಿದರೆ ಆ ಆರೇಳು ವರ್ಷವೂ ಹೋದಂತೆ. ಮೀನು ಹೋದರೆ ಮಳೆಗಾಲಕ್ಕೆ ಮತ್ತೆ ಮರಿ ಬಿಡಬಹುದು. ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗೆ ಸಾಲ ಮಾಡಿದವನ ಮುಂದೆ ಕೆರೆಯ ತಳದ ನೀರನ್ನು ಮೀನಿಗಾಗಿ ಬಿಡು ಎಂದರೆ ಅವನು ಏನೆಂದಾನು? ಸುಸ್ಥಿರತೆಯ ಭಾರವನ್ನು ಯಾವಾಗಲೂ ನೀರು ಬಳಸುವವನ ತಲೆಗೇ ಕಟ್ಟುವುದು ಸರಿಯಲ್ಲ.

ಹರಿದ್ರಾವತಿ (ಚನ್ನಗಿರಿ ತಾಲ್ಲೂಕು)

ತಮ್ಮ ಮಾತಿನಲ್ಲಿ ನ್ಯಾಯವಿದೆ. ನನ್ನ ತಮ್ಮನದೂ ಅಡಿಕೆ ತೋಟವೇ. ಆದರೆ ತೂಬಿನ ಕೆಳಗಿನ ನೀರು ಅಚ್ಚುಕಟ್ಟಿನ ನೀರಲ್ಲ, ದನಕರುಗಳಿಗೂ ಸುತ್ತಲ ಬಾವಿಗಳ ಒರತೆಗೂ ಅದೇ ಆಧಾರ. ಅದನ್ನು ಹೀರಿದವರು ಇಡೀ ಅಚ್ಚುಕಟ್ಟಿನವರಲ್ಲ, ದಡಕ್ಕೆ ಹತ್ತಿರವಿದ್ದ ನಾಲ್ಕೈದು ಜನ. ಉಳಿದ ರೈತರೂ ನಮ್ಮಷ್ಟೇ ಸಿಟ್ಟಾಗಿದ್ದರು.

ಕಣಿವೆಯ ಹಳಬ (ಹಿರಿಯೂರು)

ಮೀನುಗಾರಿಕೆಗೆ ಸಂಬಂಧಿಸಿದ ಕೆಲಸದಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತನಾಗಿದ್ದೇನೆ. ನಡೆದ ಚರ್ಚೆಯಲ್ಲಿ ಎರಡು ಸಂಗತಿಗಳು ಬಿಟ್ಟುಹೋಗಿವೆ.

ಮೊದಲನೆಯದು, ಕೆರೆಯಲ್ಲಿ ಬಿತ್ತಿದ್ದೇ ಬೆಳೆ ಎಂಬ ಮಾತು ಗೆಂಡೆಗಳಿಗೆ ಸರಿ, ಕೆರೆಗೆ ಸರಿಯಲ್ಲ. ಯಾರೂ ಬಿತ್ತದೆ ಬೆಳೆಯುವ ಮೀನುಗಳಿವೆ: ಕೊರವ, ಬಾಳೆ, ಗಿರ್ಲು, ಚೇಳುಮೀನು, ಹಾವುಮೀನು. ಬಡವರ ಸಾರಿಗೆ ಬೀಳುವುದು ಬಹುಪಾಲು ಇವೇ, ಗುತ್ತಿಗೆಯ ಲೆಕ್ಕಪುಸ್ತಕದಲ್ಲಿ ಇವುಗಳಿಗೆ ಒಂದು ಸಾಲೂ ಇರುವುದಿಲ್ಲ. ಕೊರವದ ತಂದೆತಾಯಿಗಳು ಜೊಂಡಿನ ನಡುವೆ ಜಾಗ ಮಾಡಿ, ಮರಿಗಳನ್ನು ಕಾಯುತ್ತವೆ. ಕೆಂಪು ಬಣ್ಣದ ಮರಿಗಳ ಗುಂಪು ನೀರಿನ ಮೇಲ್ಭಾಗದಲ್ಲಿ ಕುಂಕುಮ ಚೆಲ್ಲಿದಂತೆ ಕದಲುತ್ತಿದ್ದರೆ, ಅದರ ಕೆಳಗೆಯೇ ತಾಯಿ ಇದೆಯೆಂದು ಗಾಳ ಹಾಕುವವನಿಗೆ ಗೊತ್ತು. ಆ ಗುಂಪಿನ ನಡುವೆ ಗಾಳವನ್ನು ಕುಣಿಸಿದರೆ ಹಸಿವಿಲ್ಲದಿದ್ದರೂ ತಾಯಿ ಸಿಟ್ಟಿನಿಂದ ಬಂದು ಕಚ್ಚುತ್ತದೆ. ಒಂದು ಮೀನು ಸಿಕ್ಕಿತೆಂದು ಅವನು ಹೋಗುತ್ತಾನೆ, ಕಾವಲಿಲ್ಲದ ನೂರಾರು ಮರಿಗಳು ಸಂಜೆಯೊಳಗೆ ಬೇರೆ ಮೀನುಗಳ ಹೊಟ್ಟೆ ಸೇರುತ್ತವೆ. ಮೊದಲ ಮಳೆಯ ಹಳ್ಳದ ನೀರಿಗೆ ಎದುರಾಗಿ ಮೊಟ್ಟೆ ತುಂಬಿಕೊಂಡು ಹತ್ತುವ ಮೀನಿಗೆ ಕೂಳಿ, ಅಂದರೆ ಮೀನಿನ ಬೋನು, ಒಡ್ಡುವುದೂ ಹೀಗೆಯೇ. ಗೆಂಡೆಗೆ ಮರಿ ಕೊಳ್ಳಬಹುದು, ಇವುಗಳಿಗೆ ಆ ಎರಡು ವಾರ ಬಿಟ್ಟುಕೊಡುವುದೊಂದೇ ದಾರಿ.

ಇವು ತೆರವು ಮಾಡಿದ ಜಾಗಕ್ಕೆ ಬಂದದ್ದು ತಿಲಾಪಿಯ, ಅಂದರೆ ಜಿಲೇಬಿ. 1952ರಲ್ಲಿ ಭಾರತಕ್ಕೆ ತಂದ ಮೀನು ಇದು. ತಾಯಿ ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಕಾಪಾಡುವುದರಿಂದ ಸೊಳ್ಳೆಪರದೆ ಬಲೆಗೂ ಅಳಿಯುವುದಿಲ್ಲ. ಕೆರೆ ತುಂಬ ಅಂಗೈಯಗಲದ ಜಿಲೇಬಿಯೇ ಬಂದರೆ ಕಿಲೋ ಲೆಕ್ಕದಲ್ಲಿ ಇಳುವರಿ ಚೆನ್ನಾಗಿಯೇ ಕಾಣುತ್ತದೆ, ಕೆರೆ ಮಾತ್ರ ಕೆಟ್ಟಿರುತ್ತದೆ.

ಎರಡನೆಯದು, ಇಳುವರಿಯನ್ನು ನಂಬಬಾರದು ಎಂಬುದು. ವಾಣಿವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ, 1907ರಲ್ಲಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 89 ವರ್ಷದ ಮೇಲೆ, 2022ರ ಸೆಪ್ಟೆಂಬರಿನಲ್ಲಿ. ನೀರು ತುಂಬಿದರೆ ಮೀನು ಹೆಚ್ಚು ಸಿಗುತ್ತದೆಂದು ಜನ ಭಾವಿಸಿದ್ದರು. ತುಂಬಿದಾಗ ಮೀನು ವಿಶಾಲವಾಗಿ ಚದುರುತ್ತದೆ, ಕೋಡಿಯ ಮೇಲಿಂದ ವೇದಾವತಿಗೂ ಇಳಿದುಹೋಗುತ್ತದೆ, ಬಲೆಗೆ ಬೀಳುವುದು ಕಡಿಮೆಯಾಗುತ್ತದೆ. ಬರಗಾಲದಲ್ಲಿ ನೀರು ಗುಂಡಿಗೆ ಇಳಿದಾಗ ಅದೇ ಬಲೆ ತುಂಬಿ ಬರುತ್ತದೆ. ಆಗ ಮೀನು ಹೆಚ್ಚಾಗಿದೆ ಎಂದು ತಿಳಿದವನು ಮುಂದಿನ ವರ್ಷ ಅಳುತ್ತಾನೆ.

ಇದೇ ತಪ್ಪು ದೊಡ್ಡ ಪ್ರಮಾಣದಲ್ಲಿ ನಡೆದದ್ದು ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ. ಅಲ್ಲಿಯ ಕಾಡ್ ಮೀನು 1968ರಲ್ಲಿ ಸುಮಾರು 8 ಲಕ್ಷ ಟನ್ ಸಿಕ್ಕಿತ್ತು. ಮೀನು ಕಡಿಮೆಯಾಗುತ್ತ ಬಂದರೂ, ಉಳಿದ ಗುಂಪುಗಳನ್ನು ಹುಡುಕಿ ಹಿಡಿಯುವ ಉಪಕರಣಗಳು ಹಡಗಿಗೆ ಬಂದದ್ದರಿಂದ ಬಲೆ ತುಂಬುತ್ತಲೇ ಇತ್ತು, ತುಂಬಿದ ಬಲೆಯನ್ನು ನೋಡಿ ಎಲ್ಲವೂ ಸರಿಯಿದೆಯೆಂದು ಅಧಿಕಾರಿಗಳು ನಂಬಿದರು. 1992ರ ಜುಲೈ 2ರಂದು ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಮೂವತ್ತು ಸಾವಿರಕ್ಕೂ ಹೆಚ್ಚು ಜನ ಒಂದೇ ಏಟಿಗೆ ಕೆಲಸ ಕಳೆದುಕೊಂಡರು. ವಿಜ್ಞಾನವಿದ್ದ, ಕಾಯಿದೆಯಿದ್ದ, ಹಣವಿದ್ದ ದೇಶದಲ್ಲಿ ಹೀಗಾಯಿತು.

ಕೋಟೆಯ ಓದುಗ (ಚಿತ್ರದುರ್ಗ)

ಹಾಗಿದ್ದರೆ ಬಡ್ಡಿ ತಿನ್ನಬೇಕು, ಅಸಲು ಮುಟ್ಟಬಾರದು ಎಂಬ ಸರಳ ಸೂತ್ರ ಸಾಕಲ್ಲವೆ? ಹೊರದೇಶಗಳಲ್ಲಿ, ಸುಸ್ಥಿರವಾಗಿ ಹಿಡಿದದ್ದೆಂದು ತಿಳಿಸಲು ಮೀನಿನ ಪೊಟ್ಟಣದ ಮೇಲೆ ನೀಲಿ ಗುರುತು ಹಾಕುವ ಪದ್ಧತಿಯಿದೆ. 1997ರಲ್ಲಿ ಆರಂಭವಾದ ಮರೀನ್ ಸ್ಟೂವರ್ಡ್‌ಶಿಪ್ ಕೌನ್ಸಿಲ್ ಅದನ್ನು ಕೊಡುತ್ತದೆ. ಕೇರಳದ ಅಷ್ಟಮುಡಿ ಹಿನ್ನೀರಿನ ಕಪ್ಪೆಚಿಪ್ಪಿನ ಕಸುಬಿಗೆ 2014ರಲ್ಲಿ ಅದು ಸಿಕ್ಕಿತು, ಭಾರತದಲ್ಲಿ ಮೊದಲನೆಯದು. ಅಂಥ ಗುರುತು ನಮ್ಮ ಮಾರುಕಟ್ಟೆಗೂ ಬಂದರೆ ಕೊಳ್ಳುವವರೇ ಆರಿಸುತ್ತಾರೆ.

ಮಲ್ಪೆ ಮೂಲದವಳು (ದಾವಣಗೆರೆ)

ಅಸಲು ಎಷ್ಟೆಂದು ಗೊತ್ತಿದ್ದರೆ ತಾನೇ ಬಡ್ಡಿಯ ಮಾತು? ಕಡಲಿನ ಬಡ್ಡಿದರ ವರ್ಷ ವರ್ಷ ಬದಲಾಗುತ್ತದೆ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಸಿಕ್ಕಿದ್ದ ಭೂತಾಯಿ 2021ರಲ್ಲಿ 3,297 ಟನ್ನಿಗೆ ಇಳಿಯಿತು. ಅತಿಯಾಗಿ ಹಿಡಿದದ್ದೂ ಕಾರಣ, ಎಲ್ ನಿನೊದಂಥ ಕಡಲಿನ ಏರುಪೇರೂ ಕಾರಣ. ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ. ಕೆಟ್ಟ ವರ್ಷದಲ್ಲಿ ಕಡಿಮೆ ಹಿಡಿಯಬೇಕು ಎಂದು ಎಲ್ಲರಿಗೂ ಗೊತ್ತು, ಆದರೆ ದೋಣಿಯ ಸಾಲದ ಕಂತು ಕೆಟ್ಟ ವರ್ಷವೆಂದು ಕಡಿಮೆಯಾಗುವುದಿಲ್ಲ. ನನ್ನ ಅಣ್ಣ ದೋಣಿ ಮಾರಿದ್ದು ಇದೇ ಕಾರಣಕ್ಕೆ. ದೋಣಿಗಳ ಸಂಖ್ಯೆ ಹೆಚ್ಚಾದಷ್ಟೂ ಯಾರೂ ನಿಲ್ಲಿಸಲಾರದ ಸ್ಥಿತಿ ಬರುತ್ತದೆ. ಬಲೆಯ ಕಣ್ಣಿಗಿಂತ ದೋಣಿಯ ಸಂಖ್ಯೆಯೇ ಮೊದಲ ಪ್ರಶ್ನೆ ಎಂದು ನಾನು ಈಗ ನಂಬಿದ್ದೇನೆ.

ಇನ್ನು ಆ ನೀಲಿ ಗುರುತಿನ ಮಾತು. ಅಷ್ಟಮುಡಿಯ ಚಿಪ್ಪು ಹಿನ್ನೀರಿನ ತಳದಲ್ಲಿ ಇದ್ದಲ್ಲೇ ಇರುತ್ತದೆ, ಎಣಿಸಬಹುದು. ಡಿಸೆಂಬರಿನಿಂದ ಫೆಬ್ರವರಿವರೆಗೆ ರಜೆ ಹಾಕಿ ಕಾಯಬಹುದು. ನಮ್ಮ ಟ್ರಾಲ್ ಬಲೆಯಲ್ಲಿ ಒಂದೇ ಎಳೆತಕ್ಕೆ ಮದ್ಮಲ್, ಪಾಂಬೋಳ್, ಸಿಗಡಿ, ಏಡಿ, ಶಾರ್ಕಿನ ಮರಿ ಎಲ್ಲವೂ ಬರುತ್ತವೆ. ಒಂದು ವರ್ಷದಲ್ಲಿ ಬೆಳೆದು ಮರಿ ಮಾಡುವ ಭೂತಾಯಿಗೂ, ಎಷ್ಟೋ ವರ್ಷ ಕಾದು ಕೆಲವೇ ಮರಿ ಹಾಕುವ ಶಾರ್ಕಿಗೂ ಒಂದೇ ಬಲೆ. ಯಾವುದಕ್ಕೆಂದು ಚೀಟಿ ಅಂಟಿಸುವುದು?

ಬಾತಿಕೆರೆ (ದಾವಣಗೆರೆ)

ಎಲ್ಲರಿಗೂ ಋಣಿ. ನಾನು ಬಲೆಯ ಬಗ್ಗೆ ಕೇಳಿದ್ದೆ, ಉತ್ತರಗಳೆಲ್ಲ ಸಾಲ, ಗುತ್ತಿಗೆ, ಬಟ್ಟಲು, ಪಂಪ್‌ಸೆಟ್ಟುಗಳ ಕಡೆಗೆ ಹೋದವು. ಬಲೆಯನ್ನು ನಿಲ್ಲಿಸಬಲ್ಲವನಿಗೆ ನಿಲ್ಲಿಸಿದ್ದರ ಫಲ ಸಿಗಬೇಕು ಎಂಬಷ್ಟು ನನಗೆ ಅರ್ಥವಾಯಿತು. ಒಂದು ಸಣ್ಣ ವರದಿ: ಈ ಭಾನುವಾರ ಅದೇ ಹೆಂಗಸಿನ ಬಳಿ ಹೋಗಿ, ಭೂತಾಯಿ ಬಿಟ್ಟು ಕೆರೆಯ ರೋಹು ಕೊಂಡೆ. ಎರಡು ಕಿಲೋದ ಒಂದೇ ಮೀನು. ಅವರು ನಕ್ಕು, ಸಣ್ಣ ಮೀನು ಉಳಿದರೆ ಸಂಜೆ ಅರ್ಧ ಬೆಲೆಗೆ ಹೋಗುತ್ತದೆ, ನಷ್ಟ ತನ್ನದೇ ಎಂದರು. ನಾನು ಕೊಳ್ಳದಿದ್ದುದರ ಪೆಟ್ಟು ದೋಣಿಯವರೆಗೆ ತಲುಪದೆ ಅವರ ಬುಟ್ಟಿಯಲ್ಲೇ ನಿಂತಿತು. ಹರಿದ್ರಾವತಿಯವರು ಈ ಬೇಸಿಗೆಗೆ ಏನು ಮಾಡಲಿದ್ದಾರೆಂದು ತಿಳಿಯುವ ಕುತೂಹಲವಿದೆ.

ಹರಿದ್ರಾವತಿ (ಚನ್ನಗಿರಿ ತಾಲ್ಲೂಕು)

ಕಣಿವೆಯ ಹಳಬರ ಬರಹವನ್ನು ಸಂಘದ ಸಭೆಯಲ್ಲಿ ಓದಿ ಹೇಳಿದೆ. ಮೂರು ತೀರ್ಮಾನಗಳಾದವು. ಮರಿ ಬರುವ ದಿನ ಬಟ್ಟಲನ್ನು ನಮ್ಮ ಹುಡುಗರೇ ಹಿಡಿಯಬೇಕು, ನೀರು ಸೋರಿದ ಮೇಲೆಯೇ ಎಣಿಕೆ. ಕೊರವದ ಮರಿ ಕೆಂಪಗೆ ಕಾಣುವ ಜೊಂಡಿನ ಮೂಲೆಗೆ ಆ ದಿನಗಳಲ್ಲಿ ಯಾರೂ ಹರಿಗೋಲು ಒಯ್ಯಬಾರದು. ಇದಕ್ಕೆ ಇಬ್ಬರು ಒಪ್ಪದೆ ಎದ್ದುಹೋದರು. ಮೂರನೆಯದಾಗಿ, ಎಷ್ಟು ಬಲೆ, ಎಷ್ಟು ಹೊತ್ತು, ಎಷ್ಟು ಮೀನು ಎಂಬುದನ್ನು ದಿನವೂ ಪುಸ್ತಕದಲ್ಲಿ ಬರೆಯಬೇಕು. ಬರೆಯುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ.

ನೀರಿನದು ಮಾತ್ರ ನಮ್ಮಿಂದ ಆಗುವಂಥದ್ದಲ್ಲ. ತೂಬಿನ ಮಟ್ಟಕ್ಕೆ ಸರಿಯಾಗಿ ಸೋಪಾನದ ಕಲ್ಲಿನ ಮೇಲೆ ಒಂದು ಕೆಂಪು ಗೆರೆ ಬಳಿದಿದ್ದೇವೆ. ಅಚ್ಚುಕಟ್ಟಿನವರನ್ನು ಯುಗಾದಿಗೆ ಮುಂಚೆ ಕರೆದು ಆ ಗೆರೆಯ ಎದುರು ಕೂರಿಸಿ ಮಾತಾಡಬೇಕೆಂದಿದೆ.

ತೋಟದ ಮನೆ (ಹೊಳಲ್ಕೆರೆ)

ಆ ಮಾತುಕತೆಗೆ ನಿಮ್ಮ ತಾಲ್ಲೂಕಿನವನಲ್ಲದಿದ್ದರೂ ಬರಬಹುದೇ? ನಮ್ಮ ಕೆರೆಯಲ್ಲೂ ಅಂಥ ಒಂದು ಗೆರೆ ಬೇಕಾಗಿದೆ, ಆದರೆ ಪಂಪ್ ಇಟ್ಟವರಲ್ಲಿ ನನ್ನ ಚಿಕ್ಕಪ್ಪನೂ ಒಬ್ಬರು.

ಹರಿದ್ರಾವತಿ (ಚನ್ನಗಿರಿ ತಾಲ್ಲೂಕು)

ಬನ್ನಿ, ಚಿಕ್ಕಪ್ಪನವರನ್ನೂ ಕರೆದುಕೊಂಡೇ ಬನ್ನಿ. ಗೆರೆಯ ಮೇಲೆ ಈಗ ನಾಲ್ಕು ಮೆಟ್ಟಿಲು ನೀರಿದೆ.